ತೊಟ್ಟಿಲ ಕ್ಯಾಮೆರಾದ ನಂಬರು

ಹತ್ತಿಮತ್ತೂರಿನ ಶೀಲಾ ಸಿಟ್ಟಾದದ್ದನ್ನು ಕಂಡವರು ಕಡಿಮೆ. ಯಾವುದಾದರೂ ವಸ್ತು ಕೆಟ್ಟು ನಿಂತರೆ ಬೇರೆಯವರು ಅದನ್ನು ಬೈಯುತ್ತಾರೆ, ತಟ್ಟುತ್ತಾರೆ, ಕಡೆಗೆ ರಿಪೇರಿಯವನಿಗೆ ಫೋನು ಮಾಡುತ್ತಾರೆ. ಶೀಲಾ ಅದರ ಮುಂದೆ ಕೂತುಬಿಡುತ್ತಾಳೆ. ಅಬಲೂರಿನ ತವರಿನಲ್ಲಿ ಲಂಗ-ಪರಕಾರ ಹಾಕುವ ವಯಸ್ಸಿನಲ್ಲೇ ಈ ಚಾಳಿ ಹತ್ತಿತ್ತು. ಒಮ್ಮೆ ಬಿತ್ತಿದ ಜೋಳ ಒಂದು ಸಾಲಿನಲ್ಲಿ ಹುಟ್ಟಿ ಪಕ್ಕದ ಸಾಲಿನಲ್ಲಿ ಹುಟ್ಟಲಿಲ್ಲ. ಅಪ್ಪ ಆಕಾಶ ನೋಡಿದ, ಬೀಜ ಕೊಟ್ಟವನನ್ನು ಬೈದ. ಮಗಳು ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದರುತ್ತ ಹೋದಳು. ಸಾಲಿನುದ್ದಕ್ಕೂ ಕಾಳೇ ಬಿದ್ದಿರಲಿಲ್ಲ. ಕೂರಿಗೆಯ ಒಂದು ಕೊಳವೆಯಲ್ಲಿ ಹಸಿಮಣ್ಣು ಮೆತ್ತಿಕೊಂಡು ಬೀಜ ಕೆಳಗಿಳಿದಿರಲಿಲ್ಲ, ಅಷ್ಟೇ. ಅಂದಿನಿಂದ ಅಪ್ಪ ಅವಳಿಗೆ ‘ನಮ್ಮನಿ ಇನ್‌ಸ್ಪೆಕ್ಟರ್’ ಅನ್ನುತ್ತಿದ್ದ.

ಆ ಇನ್‌ಸ್ಪೆಕ್ಟರ್ ಕೃಷಿ ಡಿಪ್ಲೊಮಾ ಮುಗಿಸಿ, ಸವಣೂರಿನಲ್ಲಿ ಪೈಪು-ಮೋಟರು ಸಾಮಾನಿನ ಅಂಗಡಿ ಇಟ್ಟ ಚನ್ನೇಶನನ್ನು ಮದುವೆಯಾಗಿ ಹತ್ತಿಮತ್ತೂರಿಗೆ ಬಂದಳು. ಅತ್ತೆ ಸುಶೀಲವ್ವ, ಮಾವ ಕರಬಸಪ್ಪ, ಹಿತ್ತಲಲ್ಲಿ ಎರಡು ಎಮ್ಮೆ, ಮಗ್ಗುಲಲ್ಲಿ ಹಗಲಿಡೀ ಗರಗರ ಅನ್ನುವ ಹಿಟ್ಟಿನ ಗಿರಣಿ. ಮರುವರ್ಷ ಮಗ ಶರಣು ಹುಟ್ಟಿದ. ಅವನು ಮಗುಚಿ, ಅಂಬೆಗಾಲಿಟ್ಟು, ಹಿಡಿದದ್ದನ್ನೆಲ್ಲ ಆಧಾರ ಮಾಡಿ ಎದ್ದು ನಿಲ್ಲುವ ಹೊತ್ತಿಗೆ ಶೀಲಾಳಿಗೆ ಒಂದು ಕೆಲಸ ಸಿಕ್ಕಿತು. ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯ ರೈತರ ಸಹಾಯವಾಣಿ. ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಮಧ್ಯಾಹ್ನದ ಪಾಳಿಯಲ್ಲಿ ಫೋನಿಗೆ ಉತ್ತರ ಕೊಡುವುದು. ಗೋವಿನಜೋಳದ ಸುಳಿಯೊಳಗೆ ಹುಳ, ಹತ್ತಿಯ ಎಲೆ ಕೆಂಪು, ಮೆಣಸಿನ ಗಿಡಕ್ಕೆ ಮುಟುರು, ಇಂಥವೇ ಪ್ರಶ್ನೆಗಳು.

ಈ ಕೆಲಸವನ್ನು ಅವಳು ಎಷ್ಟು ಹಚ್ಚಿಕೊಂಡಳೆಂದರೆ, ಪಾಳಿ ಶುರುವಾಗುವ ಮುಂಚೆ ತಲೆ ಬಾಚಿ ಬೇರೆ ಸೀರೆ ಉಡುತ್ತಿದ್ದಳು. ಫೋನಿನೊಳಗೆ ಯಾರಿಗೆ ಕಾಣಬೇಕು ಎಂದು ಚನ್ನೇಶ ಚಾಷ್ಟಿ ಮಾಡಿದರೆ, ನನಗೆ ನಾನು ಕಾಣಬೇಕಲ್ಲ ಎನ್ನುತ್ತಿದ್ದಳು. ಒಮ್ಮೆ ಅವಳದೇ ತವರಿನ ಕಡೆಯ ಒಬ್ಬ ಮುದುಕ ಏನನ್ನೂ ಕೇಳಲಿಕ್ಕಲ್ಲ, ನೀ ಹೇಳಿದ ಹಾಗೆ ಮಾಡಿದೆ, ಬೆಳೆ ಮತ್ತೆ ಚಿಗುರಿತು ಎಂದು ಹೇಳಲಿಕ್ಕಷ್ಟೇ ಫೋನು ಮಾಡಿದ್ದ. ಆ ದಿನ ಅವಳು ರೊಟ್ಟಿ ಬಡಿಯುವಾಗ ಗುನುಗುತ್ತಿದ್ದದ್ದನ್ನು ಇಡೀ ಮನೆ ಕೇಳಿಸಿಕೊಂಡಿತು.

ತೊಡಕು ಇದ್ದದ್ದು ಜಾಗದ್ದು. ಕೆಳಗೆ ಗಿರಣಿಯ ಸದ್ದು, ಹೋಗಿಬರುವವರ ಗದ್ದಲ. ಆದ್ದರಿಂದ ಮಾಳಿಗೆಯ ಮೇಲಿನ ಖೋಲಿಯೇ ಅವಳ ಕಚೇರಿಯಾಯಿತು. ಕೂಸು ಮಲಗುವುದು ಕೆಳಗೆ ನಡುಮನೆಯ ತೊಟ್ಟಿಲಲ್ಲಿ. ಸುಶೀಲವ್ವ ನೋಡಿಕೊಳ್ಳುತ್ತಾಳೆ, ನಿಜ. ಆದರೆ ಎದುರಿಗೆ ಅಜ್ಜಿ ಕಂಡರೆ ಆ ಹುಡುಗ ಮಲಗುವವನಲ್ಲ, ಮಲಗಿಸಿ ಮರೆಯಾದರೇ ನಿದ್ದೆ. ಮರೆಯಾದ ಅಜ್ಜಿ ಎಮ್ಮೆಗೆ ಮೇವು ಹಾಕಲು ಹಿತ್ತಲಿಗೆ ಹೋದರೆ ಗಿರಣಿಯ ಸದ್ದಿನಲ್ಲಿ ಕೂಸಿನ ಅಳು ಕೇಳಿಸದು. ಅದಕ್ಕೆ ಶೀಲಾ ತೊಟ್ಟಿಲ ಮೇಲಿನ ಜಂತಿಗೆ ಒಂದು ಪುಟ್ಟ ಕ್ಯಾಮೆರಾ ಕಟ್ಟಿಸಿದಳು. ಅದರ ಚಿತ್ರ ಮೇಲಿನ ಖೋಲಿಯಲ್ಲಿ ಲ್ಯಾಪ್‌ಟಾಪಿನ ಮಗ್ಗುಲಿಗೆ ಒರಗಿಸಿಟ್ಟ ಹಳೆಯ ಮೊಬೈಲಿನಲ್ಲಿ ಬರುತ್ತಿತ್ತು. ಕೂಸು ಮಿಸುಕಾಡಿದರೆ ಸಾಕು, ಅತ್ತೆಯ ಸೊಂಟದಲ್ಲಿ ಸಿಗಿಸಿದ ಗುಂಡಿ ಫೋನಿಗೆ ಒಂದು ಮಿಸ್ ಕಾಲ್. ಎತ್ತಬೇಕಿಲ್ಲ, ಮಾತಾಡಬೇಕಿಲ್ಲ. ರಿಂಗಾಯಿತೆಂದರೆ ಮೊಮ್ಮಗ ಎದ್ದ ಅಂತ.

ಮನೆಯ ಗೋಡೆಗಳು ಮೊಳಕ್ಕೂ ದಪ್ಪ ಮಣ್ಣಿನವು. ಪಡಸಾಲೆಗೆ ಬಂದ ಇಂಟರ್ನೆಟ್ಟು ಪಡಸಾಲೆಯಲ್ಲೇ ಉಳಿಯುತ್ತಿತ್ತು, ನಡುಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅದಕ್ಕಾಗಿ ಚನ್ನೇಶ ತನ್ನ ಸಾಲೆಯ ಗೆಳೆಯ, ಸವಣೂರಿನಲ್ಲಿ ಇಂಟರ್ನೆಟ್ ಜೋಡಿಸಿಕೊಡುವ ನದೀಮನ ಮಾತು ಕೇಳಿ ಮೆಶ್ ಎನ್ನುವ ಮೂರು ಬಿಳಿ ಡಬ್ಬಿ ತಂದ. ಮೂರೂ ತದ್ರೂಪು, ಬೆಣ್ಣೆ ಡಬ್ಬಿಯಷ್ಟು ಗಾತ್ರ. ಒಂದು ಪಡಸಾಲೆಯಲ್ಲಿ, ಹೊರಗಿನಿಂದ ಇಂಟರ್ನೆಟ್ಟು ತರುವ ಫೈಬರಿನ ಪೆಟ್ಟಿಗೆಗೆ ವೈರಿನಿಂದ ಜೋಡಿಸಿದ್ದು, ಒಂದು ನಡುಮನೆಯಲ್ಲಿ, ಒಂದು ಮೇಲಿನ ಖೋಲಿಯಲ್ಲಿ. ಒಂದರ ಕೈ ಇನ್ನೊಂದು ಹಿಡಿದು ಇಡೀ ಮನೆಗೆ ಇಂಟರ್ನೆಟ್ಟು ಮುಟ್ಟಿಸುವ ವ್ಯವಸ್ಥೆ. ನೋಡಲಿಕ್ಕೆ ಒಂದೇ ಇದ್ದರೂ ಪಡಸಾಲೆಯದು ಹಿರಿಯದು. ಲೆಕ್ಕಾಚಾರವೆಲ್ಲ ಅದರ ಕೈಯಲ್ಲಿ, ಉಳಿದೆರಡು ಅದು ಹೇಳಿದ್ದನ್ನು ಸಾಗಿಸುತ್ತವೆ.

ಮನೆಯೊಳಗಿನ ಫೋನು, ಟಿವಿ, ಕ್ಯಾಮೆರಾ ಎಲ್ಲಕ್ಕೂ ಆ ಹಿರಿಯ ಡಬ್ಬಿ ಒಂದೊಂದು ನಂಬರು ಹಂಚುತ್ತದೆ. ಬಂದ ಹಾಗೆ, ಖಾಲಿ ಇದ್ದದ್ದು. ಇವತ್ತು ಒಂದು, ನಾಳೆ ಇನ್ನೊಂದು. ಆದರೆ ಹಳೆಯ ಮೊಬೈಲು ತೊಟ್ಟಿಲ ಕ್ಯಾಮೆರಾವನ್ನು ಹುಡುಕುವುದು ನಂಬರಿನ ಮೇಲೆಯೇ. ನಂಬರು ಬದಲಾದರೆ ಚಿತ್ರವಿಲ್ಲ. ಅದಕ್ಕೆ ಶೀಲಾ ಡಬ್ಬಿಗಳ ಆ್ಯಪಿನಲ್ಲಿ ಕ್ಯಾಮೆರಾದ ಹೆಸರಿಗೆ ಒಂದು ನಂಬರನ್ನು ಕಾದಿರಿಸಿಬಿಟ್ಟಳು. ಊಟದ ಸಾಲಿನಲ್ಲಿ ಕಂಬದ ಮಗ್ಗುಲ ಮಣೆ ಮಾವನದು, ಯಾವ ಬೀಗರು ಬಂದರೂ ಅಲ್ಲಿ ಕೂಡುವಂತಿಲ್ಲ. ಇದೂ ಹಾಗೆಯೇ, ಈ ನಂಬರು ತೊಟ್ಟಿಲ ಕ್ಯಾಮೆರಾದ್ದು ಎಂದು ಅತ್ತೆಗೆ ತಿಳಿಸಿ ಹೇಳಿದ್ದಳು. ಹಾಗಾದರೆ ಆ ಕ್ಯಾಮೆರಾಕ್ಕೂ ನಿಮ್ಮ ಮಾವನ ಹಾಗೆ ಠೇಂಕಾರ ಇರಬೇಕು ಎಂದು ಸುಶೀಲವ್ವ ನಕ್ಕಿದ್ದಳು.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಇದೆಲ್ಲ ಕೂಡಿಬಂದದ್ದು. ನಾಗರ ಅಮಾವಾಸ್ಯೆಯ ಹೊತ್ತಿಗೆ ಮೊದಲ ಸಲ ಕೈಕೊಟ್ಟಿತು. ಚಿತ್ರ ಬರುವುದು, ಹೋಗುವುದು, ಚನ್ನೇಶನ ಫೋನಿಗೆ ಇಂಟರ್ನೆಟ್ಟು ಇದ್ದರೆ ಮಾವನ ಫೋನಿಗಿಲ್ಲ. ನದೀಮ ಬೈಕಿನ ಮೇಲೆ ಬಂದು, ಕರೆಂಟಿನ ಏರುಪೇರಿಗೆ ಡಬ್ಬಿಗಳ ತಲೆ ಕೆಟ್ಟಿರಬೇಕೆಂದು ಮೂರನ್ನೂ ರೀಸೆಟ್ ಮಾಡಿ ಹೊಸದಾಗಿ ಜೋಡಿಸಿದ. ಎಲ್ಲ ಸರಿಹೋಯಿತು. ಕಾದಿರಿಸಿದ ನಂಬರು ಮಾತ್ರ ಅಳಿಸಿಹೋಗಿತ್ತು, ಶೀಲಾ ಮತ್ತೆ ಬರೆದಳು. ಬೆನಕನ ಅಮಾವಾಸ್ಯೆ ಸದ್ದಿಲ್ಲದೆ ಕಳೆಯಿತು. ಕರೆಂಟಿನದೇ ಕಾಟ ಇದ್ದೀತು ಎಂದು ಅವಳೂ ನಂಬಿದಳು.

ಮಹಾನವಮಿ ಅಮಾವಾಸ್ಯೆಯ ಮಧ್ಯಾಹ್ನ ಅವಳು ಎಂದಿನಂತೆ ಪಾಳಿಗೆ ಕೂತಳು. ಹಾನಗಲ್ ಕಡೆಯ ಒಬ್ಬ ರೈತ ಭತ್ತದ ಎಲೆಯ ಚುಕ್ಕಿಯ ಬಗ್ಗೆ ಹೇಳುತ್ತಿದ್ದಾಗ ಮೊಬೈಲಿನ ಪರದೆ ಕಪ್ಪಾಯಿತು. ಅವಳು ಒಂದು ಕೈಯಿಂದ ಅದನ್ನು ಒತ್ತುತ್ತ, ಒಂದು ಕಿವಿಯಿಂದ ಭತ್ತ ಕೇಳುತ್ತ ಸ್ವಲ್ಪ ಹೊತ್ತು ತಡೆದಳು. ಪರದೆ ಬೆಳಗಲಿಲ್ಲ. ಅತ್ತೆಗೆ ಫೋನು ಹಚ್ಚಿದಳು, ಎತ್ತದಿರುವುದೇ ರೂಢಿ, ರಿಂಗು ಕೇಳಿ ಕೂಸಿನ ಹತ್ತಿರ ಬಂದಳೋ ಇಲ್ಲವೋ ತಿಳಿಯುವಂತಿರಲಿಲ್ಲ. ಆಮೇಲೆ ತಡೆಯಲಾಗಲಿಲ್ಲ. ಹೆಡ್‌ಫೋನು ಕಿತ್ತು ಕೆಳಗೋಡಿದಳು. ಶರಣು ತೊಟ್ಟಿಲ ಅಂಚು ಹಿಡಿದು ಎದ್ದು ನಿಂತಿದ್ದ, ಹೊಟ್ಟೆಯ ತನಕ ಹೊರಗೆ ಬಾಗಿ, ಕೆಳಗೆ ಬಿದ್ದ ಗಿಲಕಿಯತ್ತ ಕೈಚಾಚಿದ್ದ. ತೊಟ್ಟಿಲು ಓಲಾಡುತ್ತಿತ್ತು. ಅವಳನ್ನು ಕಂಡು ಕೇಕೆ ಹಾಕಿ ನಕ್ಕ. ಅವನನ್ನು ಎತ್ತಿ ಎದೆಗವಚಿಕೊಂಡು ಅಲ್ಲೇ ನೆಲಕ್ಕೆ ಕೂತಳು.

ಸಂಜೆಯೊಳಗೆ ಹುಬ್ಬಳ್ಳಿಯಿಂದ ಮೇಲ್ವಿಚಾರಕಿ ರಂಜನಾ ಫೋನು ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಶೀಲಾಳ ಪ್ರಾಯೋಗಿಕ ಅವಧಿ ಮುಗಿಯುತ್ತ ಬಂದಿದೆ, ಮಾತಿನ ನಡುವೆ ರೈತನನ್ನು ಬಿಟ್ಟು ಎದ್ದದ್ದು ಇದು ಮೊದಲಲ್ಲ, ನಾಗರ ಅಮಾವಾಸ್ಯೆಯ ಹೊತ್ತಿಗೂ ಹೀಗೇ ಆಗಿತ್ತು. ಇಷ್ಟನ್ನು ಮೆಲುದನಿಯಲ್ಲಿ ಹೇಳಿ, ಕಡೆಗೆ ಅಂದಳು:

“ನಾಳೆ ಮಧ್ಯಾಹ್ನ ನಿಮ್ಮ ಲೈನಿನ ಮ್ಯಾಲೆ ನಾನ ಕುಂತು ಕೇಳ್ತೇನ್ರಿ. ಕಾಯಂ ಮಾಡೂದೋ ಬಿಡೂದೋ ಅದರ ಮ್ಯಾಲೆ. ನನಗ ನಿಮ್ಮನ್ನ ಬಿಡೂ ಮನಸಿಲ್ಲ, ಆದ್ರ ಖಾಲಿ ಲೈನ್ ಹಿಡ್ಕೊಂಡ ರೈತಗ ನಾ ಏನ್ ಹೇಳ್ಲಿ?”

ಊಟಕ್ಕೆ ಕೂತಾಗ ಚನ್ನೇಶ ವಿಷಯ ತೆಗೆದ. ನದೀಮನಿಗೆ ಹೇಳಿದ್ದೇನೆ, ಬೆಳಿಗ್ಗೆ ಬಂದು ರೀಸೆಟ್ ಮಾಡುತ್ತಾನೆ ಎಂದ. ಆಮೇಲೆ ತಾಟಿನತ್ತ ನೋಡುತ್ತ, ಇಲ್ಲವಾದರೆ ಕೂಸು ನಡೆಯುವ ತನಕ ಈ ಕೆಲಸ ಬಿಟ್ಟರೂ ನಡೆದೀತು, ಮುಂದೆ ಇನ್ನೊಂದು ಸಿಕ್ಕೀತು ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಓಲಾಡುವ ತೊಟ್ಟಿಲು ಅವನ ಕಣ್ಣ ಮುಂದೆಯೂ ಇತ್ತು. ಸುಶೀಲವ್ವ ಮಗನ ತಾಟಿಗೆ ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕಿ, ಬಾಯಿ ತುಂಬಿರಲಿ ಅಂದಳು. ತಾನು ಎಮ್ಮೆಯನ್ನು ಗಂಡನ ಕೊರಳಿಗೆ ಕಟ್ಟಿ ಇಡೀ ದಿನ ತೊಟ್ಟಿಲ ಕಾಲಿಗೆ ಕೂಡುತ್ತೇನೆ ಎಂದೂ ಅಂದಳು. ಆದರೆ ಅಜ್ಜಿ ಎದುರಿಗೆ ಕೂತರೆ ಮೊಮ್ಮಗ ಮಲಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

ಶೀಲಾ ತಾಟು ಎತ್ತಿಟ್ಟಳು. ಕೈತೊಳೆದು ಬಂದು ನದೀಮನಿಗೆ ತಾನೇ ಫೋನು ಮಾಡಿ, ಬೆಳಿಗ್ಗೆ ಬರುವುದು ಬೇಡ ಎಂದಳು.

“ಯಾಕ್ರಿ ವೈನಿ, ಮುಂಜಾನೆ ಬಂದು ಚಹಾ ಕುಡಿಯೂದರೊಳಗ ಮಾಡಿ ಕೊಡ್ತೇನ್ರೀ.”

“ಅದಕ್ಕ ಬ್ಯಾಡ ಅಂತೇನಿ, ನದೀಮಣ್ಣಾ. ನೀವು ಎಲ್ಲಾ ಅಳಿಸಿ ಹೊಸಾದು ಮಾಡ್ತೀರಿ. ಅದು ಯಾಕ ಕೆಡಾಕತ್ತೈತಿ ಅನ್ನೂದೂ ಅದರ ಕೂಡನ ಅಳಿಸಿ ಹೋಗ್ತೈತಿ. ಒಂದ್ ಸಲ ನಾನ ಕುಂತ್ ನೋಡ್ತೇನಿ.”

ಮರುದಿನ ಬೆಳಿಗ್ಗೆ, ಕೂಸಿಗೆ ಎರೆಯಲು ದಿನಾ ಬರುವ ಫಕ್ಕೀರವ್ವ ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಹಾಕಿ, ಬಿಗಿಯಾಗಿ ಸುತ್ತಿ ಮಲಗಿಸಿ ಹೋದಳು. ಈ ಎರೆಯುವ ಕೆಲಸ ದಿನಾಲೂ ದೊಡ್ಡದು. ಫಕ್ಕೀರವ್ವ ಚಾಚಿದ ಕಾಲ ಮೇಲೆ ಕೂಸು, ಹಂಡೆಯ ನೀರು ತೋಡಿಕೊಡಲಿಕ್ಕೆ ಶೀಲಾ. ಅಷ್ಟು ಹೊತ್ತೂ ಬಚ್ಚಲ ಹೊರಗೆ ಲೋಕ ಮುಳುಗಿದರೂ ಇಬ್ಬರಿಗೂ ಗೊತ್ತಾಗುವುದಿಲ್ಲ. ಅದು ಮುಗಿದ ಮೇಲೆ ಅವಳು ಸೆರಗು ಸಿಗಿಸಿ ಡಬ್ಬಿಗಳ ವಿಚಾರಣೆಗೆ ಕೂತಳು.

ಮೊದಲು ಅನುಮಾನ ಬಂದದ್ದು ತನ್ನ ಮೇಲೆಯೇ. ಪ್ರತಿ ಯಂತ್ರಕ್ಕೂ ಹುಟ್ಟಿನಿಂದ ಬಂದ ಒಂದು ಗುರುತು ಇರುತ್ತದೆ, ಅದನ್ನು ನೋಡಿಯೇ ಹಿರಿಯ ಡಬ್ಬಿ ಕಾದಿರಿಸಿದ ನಂಬರು ಕೊಡುವುದು. ಬರೆಯುವಾಗ ಒಂದಕ್ಷರ ತಪ್ಪಿದರೂ ಕ್ಯಾಮೆರಾ ಪರಕೀಯವಾಗುತ್ತದೆ. ಸ್ಟೂಲು ಹತ್ತಿ, ಕ್ಯಾಮೆರಾದ ಬೆನ್ನಿನ ಚೀಟಿಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದಳು. ತಪ್ಪಿರಲಿಲ್ಲ. ಮುಂದಿನ ಅನುಮಾನ ಹಳೆಯ ಮೊಬೈಲಿನ ಮೇಲೆ. ಕೆಲವು ಫೋನುಗಳು ಸುರಕ್ಷತೆಗೆಂದು ಗುರುತನ್ನೇ ಬದಲಿಸಿಕೊಂಡು ವೇಷ ಹಾಕುತ್ತವೆಂದು ಎಲ್ಲೋ ಓದಿದ್ದಳು. ನೋಡಿದರೆ ಆ ಮೊಬೈಲಿಗೆ ಅಂಥ ಜಾಣತನ ಬರುವ ಮುಂಚೆಯೇ ವಯಸ್ಸಾಗಿತ್ತು.

ಕ್ಯಾಮೆರಾದ ಪ್ಲಗ್ಗು ತೆಗೆದು ಹಾಕಿದಳು. ಚಿತ್ರ ಬಂತು. ಹಿಗ್ಗಿದಳು. ಖಾತ್ರಿಗೆಂದು ಮತ್ತೊಮ್ಮೆ ತೆಗೆದು ಹಾಕಿದಳು. ಹೋಯಿತು. ಇನ್ನೊಮ್ಮೆ ಮಾಡಿದರೆ ಬಂತು. ಹೀಗೆ ಕಣ್ಣಾಮುಚ್ಚಾಲೆ ಆಡುವುದನ್ನು ನೋಡಿ ಅವಳಿಗೆ ಬೇಸರದ ಬದಲು ಹುರುಪು ಬಂತು. ಕೆಟ್ಟ ವಸ್ತು ಯಾವಾಗಲೂ ಕೆಟ್ಟೇ ಇರುತ್ತದೆ. ಒಮ್ಮೆ ಸರಿ, ಒಮ್ಮೆ ತಪ್ಪು ಎಂದರೆ ವಸ್ತು ಚೆನ್ನಾಗಿದೆ, ಅದಕ್ಕೆ ಹೇಳಿಕೊಡುವವರು ಇಬ್ಬರಿದ್ದಾರೆ.

ಅಷ್ಟರಲ್ಲಿ ಕರಬಸಪ್ಪ ತನ್ನ ಫೋನು ಹಿಡಿದು ಬಂದ. ನಿನ್ನೆಯಿಂದ ಪೇಟೆಯ ಧಾರಣೆ ನೋಡಲಿಕ್ಕಾಗುತ್ತಿಲ್ಲ, ತಾನು ಹೇಳಿದರೆ ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ದೂರಿದ. ಅಡುಗೆಮನೆಯಿಂದ ಸುಶೀಲವ್ವ, ತನ್ನ ಧಾರಾವಾಹಿ ಟಿವಿಯಲ್ಲಿ ಚೊಲೊ ಬರುತ್ತಿದೆಯಲ್ಲ, ದೋಷ ಫೋನಿನದಲ್ಲ, ಫೋನು ಹಿಡಿದ ಕೈಯದು ಎಂದಳು. ಶೀಲಾ ಇಬ್ಬರ ಮಾತನ್ನೂ ಹಿಡಿದುಕೊಂಡಳು. ಮಾವನ ಫೋನು ಇಸಿದುಕೊಂಡು ಅದರ ನಂಬರು ನೋಡಿದಳು. ಟಿವಿಯದು ನೋಡಿದಳು. ಲ್ಯಾಪ್‌ಟಾಪು, ಹಳೆಯ ಮೊಬೈಲು, ತನ್ನ ಮೊಬೈಲು ಎಲ್ಲವನ್ನೂ ನೋಡಿದಳು.

ಈ ನಂಬರುಗಳಿಗೆ ನಾಲ್ಕು ತುಂಡು. ಮೊದಲ ಮೂರು ಮನೆತನದ ಹೆಸರಿದ್ದ ಹಾಗೆ, ಕೊನೆಯದು ಮನುಷ್ಯನ ಹೆಸರಿದ್ದ ಹಾಗೆ. ಒಂದೇ ಮನೆಯಲ್ಲಿದ್ದ ಮೇಲೆ ಎಲ್ಲದರ ಮನೆತನ ಒಂದೇ ಇರಬೇಕು. ಇಲ್ಲಿ ಹಾಗಿರಲಿಲ್ಲ. ಮಾವನ ಫೋನು, ಹಳೆಯ ಮೊಬೈಲು ಒಂದು ಮನೆತನದವು, ಅವಳು ಆ್ಯಪಿನಲ್ಲಿ ಬಲ್ಲದ್ದು. ಟಿವಿ, ಲ್ಯಾಪ್‌ಟಾಪು ಇನ್ನೊಂದು ಮನೆತನದವು, ಅವಳು ಕಂಡರಿಯದ್ದು. ಕ್ಯಾಮೆರಾ ಈಗ ಎರಡನೆಯ ಕಡೆ ವಾಲಿತ್ತು. ಮನೆತನ ಬೇರೆಯಾದ ಮೇಲೆ ಒಂದಕ್ಕೊಂದು ಮುಖ ನೋಡುವುದಿಲ್ಲ, ಹಾಗಾಗಿ ಹಳೆಯ ಮೊಬೈಲಿಗೆ ಕ್ಯಾಮೆರಾ ಕಾಣುತ್ತಿರಲಿಲ್ಲ. ಇನ್ನೊಂದು ವಿಚಿತ್ರವೂ ಇತ್ತು. ಹೊಸ ಮನೆತನದವಕ್ಕೆ ಇಂಟರ್ನೆಟ್ಟು ಇತ್ತು, ಹಳೆಯ ಮನೆತನದವಕ್ಕೆ ಇರಲಿಲ್ಲ.

ಹಾಗಾದರೆ ನಂಬರು ಹಂಚುವ ಇನ್ನೊಬ್ಬರು ಯಾರು? ನದೀಮನಿಗೆ ಫೋನು ಹಚ್ಚಿ ಇದೊಂದನ್ನೇ ಕೇಳಿದಳು. ಪಡಸಾಲೆಯ ಫೈಬರಿನ ಪೆಟ್ಟಿಗೆಗೂ ನಂಬರು ಹಂಚುವುದು ಗೊತ್ತು ವೈನಿ, ಆದರೆ ಅದರ ಆಟ ಮನೆಯೊಳಗೆ ನಡೆಯುವುದಿಲ್ಲ ಎಂದ ಅವನು. ಹಿರಿಯ ಡಬ್ಬಿ ಅದರ ಬಾಗಿಲಲ್ಲೇ ನಿಂತಿರುತ್ತದೆ, ಪೆಟ್ಟಿಗೆ ಕೊಟ್ಟದ್ದನ್ನು ತಾನು ಇಸಿದುಕೊಂಡು, ಒಳಗಿನವರಿಗೆ ತನ್ನದನ್ನೇ ಹಂಚುತ್ತದೆ. ಅದು ಬಾಗಿಲು ಬಿಟ್ಟು ಸರಿದರೆ ಮಾತ್ರ ಪೆಟ್ಟಿಗೆ ಒಳಗೆ ಬರುತ್ತದೆ. ಆದರೆ ಅದೇಕೆ ಸರಿದೀತು ಎಂದು ಅವನೇ ಕೇಳಿದ.

ಶೀಲಾ ಪಡಸಾಲೆಗೆ ಹೋದಳು. ಡಬ್ಬಿ ಅಲ್ಲೇ ಇತ್ತು, ಪೆಟ್ಟಿಗೆಯ ಮಗ್ಗುಲಿಗೆ, ವೈರು ಸಿಗಿಸಿಕೊಂಡು, ಹಸಿರು ದೀಪ ಹೊತ್ತಿಸಿಕೊಂಡು, ಏನೂ ಆಗದವರ ಹಾಗೆ. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಆ್ಯಪು ತೆರೆದಳು. ಮೂರು ಡಬ್ಬಿಗೂ ಜಾಗದ ಹೆಸರು ಇಟ್ಟಿದ್ದರು, ಪಡಸಾಲೆ, ನಡುಮನೆ, ಮೇಲಿನ ಖೋಲಿ ಎಂದು. ನಿಮ್ಮ ಫೋನು ಈಗ ಯಾವ ಡಬ್ಬಿಯ ಹತ್ತಿರವಿದೆ ಎಂಬುದನ್ನೂ ಆ್ಯಪು ತೋರಿಸುತ್ತದೆ. ಪಡಸಾಲೆಯ ಡಬ್ಬಿಗೆ ಮೊಣಕಾಲು ತಾಗಿಸಿ ಕೂತವಳಿಗೆ ಅದು, ನೀವು ಮೇಲಿನ ಖೋಲಿಯಲ್ಲಿದ್ದೀರಿ ಎಂದಿತು.

ಅವಳು ಎದ್ದು ಮೆಟ್ಟಿಲು ಹತ್ತಿದಳು. ಖೋಲಿಯ ಡಬ್ಬಿಯ ಮುಂದೆ ನಿಂತು ಫೋನು ನೋಡಿದಳು. ಪಡಸಾಲೆ, ಎಂದಿತು ಆ್ಯಪು.

ಒಬ್ಬಳೇ ನಿಂತು ನಕ್ಕಳು. ಹಿರಿಯ ಡಬ್ಬಿ ಬಾಗಿಲು ಬಿಟ್ಟು ಮಾಳಿಗೆ ಏರಿ ಕೂತಿತ್ತು. ಅದಕ್ಕೆ ಫೈಬರಿನ ವೈರಿಲ್ಲ, ಆದರೂ ಹಂಚುವ ಹುದ್ದೆ ಬಿಟ್ಟಿರಲಿಲ್ಲ. ಕೆಳಗೆ ಬಾಗಿಲು ಕಾಯಲು ನಿಂತ ಕಿರಿಯ ಡಬ್ಬಿ ಪೆಟ್ಟಿಗೆ ಕೊಟ್ಟದ್ದನ್ನೆಲ್ಲ ಹಾಗೆಯೇ ಒಳಗೆ ಬಿಡುತ್ತಿತ್ತು. ನಂಬರು ಕೇಳಿ ಬಂದ ಕ್ಯಾಮೆರಾಕ್ಕೆ ಇಬ್ಬರಲ್ಲಿ ಯಾರ ಉತ್ತರ ಮೊದಲು ಮುಟ್ಟಿತೋ ಅದೇ ನಂಬರು. ಕಾದಿರಿಸಿದ ಮಣೆ ಒಂದು ಪಂಕ್ತಿಯಲ್ಲಿತ್ತು, ಊಟ ಎರಡು ಪಂಕ್ತಿಯಲ್ಲಿ ನಡೆಯುತ್ತಿತ್ತು.

ಡಬ್ಬಿಯನ್ನು ಎತ್ತಿಕೊಂಡಾಗಲೇ ಅವಳು ಅದರ ನೆತ್ತಿಯನ್ನು ನಿಜವಾಗಿ ನೋಡಿದ್ದು. ಮೂರೆಳೆ ವಿಭೂತಿ, ವೈರಿನ ಬುಡದಲ್ಲಿ ಒಣಗತೊಡಗಿದ ಚೆಂಡುಹೂವಿನ ಒಂದು ಎಸಳು. ಈ ಮನೆಯಲ್ಲಿ ವಿಭೂತಿ ಇಲ್ಲದ ವಸ್ತುವಿಲ್ಲ. ಫ್ರಿಜ್ಜು, ಮಿಕ್ಸರು, ಬೈಕು, ಬೋರಿನ ಸ್ಟಾರ್ಟರು ಎಲ್ಲದಕ್ಕೂ ಅಮಾವಾಸ್ಯೆಗೊಮ್ಮೆ ತೊಳೆದು ಒರೆಸಿ ಪೂಜೆ ಆಗಲೇಬೇಕು. ಕಂಡು ಕಂಡು ಕಣ್ಣಿಗೆ ಅದು ಗೋಡೆಯ ಬಣ್ಣದ ಹಾಗಾಗಿತ್ತು. ಅವಳು ಬಚ್ಚಲಲ್ಲಿ ನೀರು ತೋಡುವ ಹೊತ್ತಿನಲ್ಲಿ ಮನೆಯ ಕಬ್ಬಿಣದ ದೇವರುಗಳೆಲ್ಲ ಮಿಂದು ಮಡಿಯಾಗುತ್ತಿದ್ದವು, ಅವುಗಳ ಜೊತೆ ಮೂರು ಬಿಳಿ ಡಬ್ಬಿಗಳೂ.

ಮೆಟ್ಟಿಲಿಳಿಯುವಾಗ ಅವಳ ಹೆಜ್ಜೆ ನಿಧಾನವಾಯಿತು. ಹೇಗೆ ಹೇಳುವುದು? ನಿಮ್ಮ ಪೂಜೆಯಿಂದ ನನ್ನ ಕೆಲಸ ಹೋಗುವುದರಲ್ಲಿತ್ತು, ಕೂಸು ಬೀಳುವುದರಲ್ಲಿತ್ತು ಎಂದು ಹೇಳುವ ಬಾಯಿ ಅವಳದಲ್ಲ. ಹೇಳದೆ ಬಿಟ್ಟರೆ ದೀಪಾವಳಿ ಅಮಾವಾಸ್ಯೆ ಮುಂದೇ ಇತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಡಬ್ಬಿ ಹಿಡಿದು ನಿಂತಳು. ಸುಶೀಲವ್ವ ಕಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕರಬಸಪ್ಪ ಚಹಾದ ಲೋಟ ಹಿಡಿದು ಕಂಬಕ್ಕೆ ಒರಗಿದ್ದ.

“ಅತ್ತಿ, ಅಮಾಸಿ ದಿನ ಇವನ್ನ ಎಲ್ಲಿ ಪೂಜಾ ಮಾಡಿದ್ರಿ?”

“ದ್ಯಾವ್ರ ಮನ್ಯಾಗ, ಮತ್ತೆಲ್ಲಿ. ಮೂರೂ ತರಿಸಿ, ಒದ್ದಿ ಅರಬಿಲೆ ಒರಸಿ, ಭಸ್ಮಾ ಹಚ್ಚಿ, ಊದಬತ್ತಿ ಬೆಳಗೇನಿ. ಯಾಕ ಯವ್ವಾ?” ರೊಟ್ಟಿ ತಿರುವಿ ಹಾಕಿ ತಾನೇ ಮುಂದುವರಿದಳು. “ಇವು ನಡದ್ರ ನಿನ್ನ ಕೆಲ್ಸ ನಡೀತೈತಿ ಅಂತ ನೀನ ಹೇಳಿದ್ದಿ. ನನ್ನ ಸೊಸಿ ಕೆಲ್ಸ ಕಾಯಂ ಆಗ್ಲಿ ಅಂತ ಬೇಡ್ಕೊಂಡ ಹೂವ ಏರಿಸೇನಿ.”

ಶೀಲಾ ಡಬ್ಬಿಯ ಮೇಲಿನ ಎಸಳನ್ನು ನೋಡಿದಳು. ನಗೆ ಬಂತು. ಬಂದು ಅತ್ತೆಯ ಮಗ್ಗುಲಿಗೆ ಕೂತು, ಒಲೆಯ ಬೂದಿ ಸರಿಸುತ್ತ, ಮೂರರಲ್ಲಿ ಒಂದು ಹಿರಿಯದೆಂದೂ, ಅದು ಬಾಗಿಲಲ್ಲೇ ಇರಬೇಕೆಂದೂ, ತಿರುಗಿ ಇಡುವಾಗ ಅದಲು ಬದಲಾಗಿದೆಯೆಂದೂ ಬಿಡಿಸಿ ಹೇಳಿದಳು. ಸುಶೀಲವ್ವ ಬಡಿಯುವ ಕೈ ನಿಲ್ಲಿಸಿ ಕೇಳಿದಳು. ಕೇಳಿ ಮುಗಿಸಿ ಗಂಡನ ಕಡೆ ತಿರುಗಿದಳು.

“ತಿರುಗಿ ಇಟ್ಟಾವ್ರು ಯಾರ್ರಿ?”

“ಕೊಟ್ಟಾಕಿ ನೀನು” ಎಂದ ಕರಬಸಪ್ಪ. “ಮೂರೂ ಒಂದ ತಾಯಿ ಮಕ್ಕಳಿದ್ದಂಗ ಅದಾವ. ಇದು ಮ್ಯಾಲಿಂದು, ಇದು ಕೆಳಗಿಂದು ಅಂತ ಅದರ ಹಣಿಮ್ಯಾಗ ಬರದೈತೇನು? ಕೈಗೆ ಬಂದದ್ದ ಒಯ್ದು ಇಟ್ಟೆ.”

“ನಿಮ್ಮ ಎಮ್ಮಿ ಎರಡೂ ಕರ್ರಗ ಅದಾವ. ಅವನ್ನೇನ್ ಗೊತ್ತ ಹಿಡ್ಯಾಂಗಿಲ್ಲ?”

“ಎಮ್ಮಿ ಒದೀತೈತಿ, ಗೊತ್ತಾಕ್ಕೈತಿ. ಇದು ಒದಿಯಾಂಗಿಲ್ಲ.”

ಶೀಲಾ ನಕ್ಕು ಒಲೆಯ ಮುಂದಿನಿಂದ ಹಿಂದೆ ಸರಿದಳು. ಬೆನಕನ ಅಮಾವಾಸ್ಯೆಯಲ್ಲಿ ಮೂರೂ ಅದೃಷ್ಟವಶಾತ್ ತಮ್ಮ ತಮ್ಮ ಜಾಗಕ್ಕೇ ಮರಳಿದ್ದವೆಂದು ಈಗ ತಿಳಿಯಿತು. ಸುಶೀಲವ್ವನಿಗೆ ಮಾತ್ರ ನಗೆ ಬರಲಿಲ್ಲ. ನಿನ್ನೆಯ ತೊಟ್ಟಿಲು ಅವಳ ಕಣ್ಣಿಗೂ ಬಂದಿರಬೇಕು. ಹಿಟ್ಟಿನ ಕೈಯಿಂದಲೇ ಒಲೆಯ ಕೊಳ್ಳಿ ಹಿಂದಕ್ಕೆ ಎಳೆದಳು. ಆಮೇಲೆ ಅಂದಳು:

“ನೀ ಈ ಮನಿಗೆ ಬಂದ ಹೊಸ್ತಾಗ ಒಂದಿನ ಸಾರಿಗೆ ನೀನೂ ಉಪ್ಪು ಹಾಕಿದ್ದಿ, ನಾನೂ ಹಾಕಿದ್ದೆ. ಇಬ್ರೂ ಮನೀ ಚೊಲೋದಕ್ಕ ಹಾಕಿದ್ವಿ. ಉಣ್ಣಾವ್ರ ಬಾಯಿ ಮಾತ್ರ ಕೆಟ್ಟು ಹೋತು. ಹಂಗ ಆತಲ್ಲ ಶೀಲಾ ಇದು.”

“ಹಂಗ ಆತ್ರಿ ಅತ್ತಿ. ಆ ಮ್ಯಾಲೆ ಉಪ್ಪು ನೀವ ಹಾಕಾಕತ್ರಿ, ಸರಿಹೋತು.”

“ಹಂಗಾರ ಇದರ ಉಪ್ಪು ನೀನ ಹಾಕು. ಯಾವ್ದು ಹಿರೇದು ಹೇಳು ನನಗ.”

ಹಿರಿಯ ಡಬ್ಬಿ ಶೀಲಾಳ ಮಡಿಲಲ್ಲೇ ಇತ್ತು. ಸುಶೀಲವ್ವ ಕೈತೊಳೆದು ದೇವರ ಮನೆಗೆ ಹೋಗಿ ಬಂದು ಅದರ ಹಣೆಗೆ ಕುಂಕುಮದ ಒಂದು ದೊಡ್ಡ ಬೊಟ್ಟು ಇಟ್ಟಳು. ಹಿರಿಯದಕ್ಕೆ ಕುಂಕುಮ, ಉಳಿದವಕ್ಕೆ ಬರೀ ಭಸ್ಮ, ಇನ್ನು ಕತ್ತಲಲ್ಲೂ ತಪ್ಪುವುದಿಲ್ಲ ಎಂದಳು. ಚೀಟಿ ಅಂಟಿಸಬೇಕೆಂದು ಯೋಚಿಸಿದ್ದ ಶೀಲಾ ಆ ಮಾತು ಎತ್ತಲಿಲ್ಲ. ಇನ್ನು ಮುಂದೆ ಡಬ್ಬಿಗಳನ್ನು ಕಿತ್ತು ತರುವುದೂ ಬೇಡ, ಇದ್ದಲ್ಲೇ ಪೂಜೆ, ಮೇಲಿನದಕ್ಕೆ ಮಾವ ಮೆಟ್ಟಿಲು ಹತ್ತಿ ಊದಿನಕಡ್ಡಿ ತೋರಿಸಿ ಬರಲಿ ಎಂದೂ ನಿಶ್ಚಯವಾಯಿತು. ಮಾವ ಚಹಾದ ಲೋಟದೊಳಗೆ ಏನೋ ಗೊಣಗಿದ, ಇಲ್ಲ ಅನ್ನಲಿಲ್ಲ.

ಡಬ್ಬಿಗಳು ತಮ್ಮ ತಮ್ಮ ಜಾಗ ಸೇರಿದವು. ಮಾವನ ಫೋನಿನಲ್ಲಿ ಧಾರಣೆ ಬಂತು. ಮಧ್ಯಾಹ್ನದ ಪಾಳಿಗೆ ಶೀಲಾ ಸೀರೆ ಬದಲಿಸಿ, ಹೆಡ್‌ಫೋನು ಹಾಕಿಕೊಂಡು ಕೂತು, ಹಳೆಯ ಮೊಬೈಲು ಒರಗಿಸಿಟ್ಟಳು.

ಪರದೆ ಕಪ್ಪಗಿತ್ತು.

ಲ್ಯಾಪ್‌ಟಾಪಿನಲ್ಲಿ ರಂಜನಾಳ ಹೆಸರಿನ ಮುಂದೆ ಹಸಿರು ಚುಕ್ಕೆ ಮೂಡಿ, ಶುರು ಮಾಡೋಣವೇ ಎಂಬ ಸಾಲು ಬಂತು. ಒಂದೇ ನಿಮಿಷ ಮೇಡಂ ಎಂದು ಬರೆದು ಅವಳು ಕಣ್ಣು ಮುಚ್ಚಿ ಯೋಚಿಸಿದಳು. ಹಂಚುವವರು ಈಗ ಒಬ್ಬರೇ. ಅಂದಮೇಲೆ ತಪ್ಪು ಹಂಚುವಲ್ಲಿಲ್ಲ. ಕ್ಯಾಮೆರಾ ಬೆಳಿಗ್ಗೆ ಪೆಟ್ಟಿಗೆಯಿಂದ ಇಸಿದುಕೊಂಡ ನಂಬರನ್ನೇ ಇನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡಿದೆ, ಅವಧಿ ಮುಗಿಯುವ ತನಕ ಬಿಡುವುದಿಲ್ಲ. ಎಲ್ಲವನ್ನೂ ಸರಿಮಾಡಿದವಳು ಅದೊಂದನ್ನು ತಿರುಗಿ ಎಬ್ಬಿಸಿರಲಿಲ್ಲ. ಕೆಳಗಿದ್ದ ಮಾವನಿಗೆ ಕೂಗಿ, ತೊಟ್ಟಿಲ ಮೇಲಿನ ಪ್ಲಗ್ಗು ತೆಗೆದು ಹಾಕಲು ಹೇಳಿದಳು. ಯಾವ ಪ್ಲಗ್ಗು ಎಂದು ಮಾವ ಕೇಳಿದ್ದು, ಅದ ರೀ ಎಂದು ಅತ್ತೆ ಗದರಿದ್ದು ಕೇಳಿಸಿತು. ಪರದೆಯಲ್ಲಿ ಒಂದು ಗೆರೆ ಸುತ್ತತೊಡಗಿತು. ಸುತ್ತಿತು, ಸುತ್ತಿತು. ಆಮೇಲೆ ನಡುಮನೆ ಬಂತು, ತೊಟ್ಟಿಲು ಬಂತು, ಬಾಯಿ ತೆರೆದು ಮಲಗಿದ ಶರಣು ಬಂದ. ನಂಬರು ನೋಡಿದಳು. ಅವಳು ಕಾದಿರಿಸಿದ್ದೇ.

ಹಿರೇಕೆರೂರಿನ ಕಡೆಯ ಗುದ್ಲೆಪ್ಪ ಎಂಬ ರೈತ ಲೈನಿಗೆ ಬಂದ. ಗೋವಿನಜೋಳದ ಎಲೆಗಳೆಲ್ಲ ತೂತು, ಪಕ್ಕದ ಹೊಲದವನು ಯಾವುದೋ ಔಷಧಿ ಹೊಡೆದಿದ್ದಾನೆ, ತಾನೂ ಅದನ್ನೇ ಹೊಡೆಯಲೇ ಎಂದು ಕೇಳಿದ. ಅವಳು ಔಷಧಿಯ ಮಾತಿಗೆ ಹೋಗದೆ, ಗಿಡದ ಸುಳಿ ಬಿಡಿಸಿ ನೋಡಿದ್ದೀರಾ, ಒಳಗೆ ಕಟ್ಟಿಗೆ ಪುಡಿಯ ಹಾಗೆ ಏನಾದರೂ ಉದುರಿದೆಯೇ ಎಂದು ವಿಚಾರಿಸತೊಡಗಿದಳು. ಅವನು ಹೊಲದಲ್ಲೇ ನಿಂತು ಒಂದೊಂದೇ ಗಿಡ ನೋಡಿ ಹೇಳುತ್ತಿದ್ದ. ಅಷ್ಟರಲ್ಲಿ ಪರದೆಯಲ್ಲಿ ಶರಣು ಕಾಲು ಝಾಡಿಸಿದ. ಮಗ್ಗುಲಾದ. ತೊಟ್ಟಿಲ ಅಂಚಿಗೆ ಪುಟ್ಟ ಕೈ ಬಂತು.

ಅವಳ ಬೆರಳು ಮಿಸ್ ಕಾಲ್ ಒತ್ತಿತು. ಇನ್ನೊಂದು ಕೈ ಅಂಚು ಹಿಡಿಯಿತು. ತಲೆ ಮೇಲೆ ಬಂತು. ನಡುಮನೆಯಲ್ಲಿ ಬೇರೆ ಯಾರೂ ಕಾಣಲಿಲ್ಲ. ಕುರ್ಚಿ ಅವಳನ್ನು ತಾನೇ ಎತ್ತುತ್ತಿರುವ ಹಾಗಿತ್ತು. ಆದರೂ ಗುದ್ಲೆಪ್ಪನಿಗೆ, ಹುಳದ ತಲೆಯ ಮೇಲೆ ಗೆರೆ ಇದೆಯೇ ನೋಡಿ ಎಂದು ಅದೇ ದನಿಯಲ್ಲಿ ಹೇಳಿದಳು. ಶರಣು ಎದ್ದು ನಿಂತ. ಆಗಲೇ ಪರದೆಯ ಮೂಲೆಯಿಂದ ಸುಶೀಲವ್ವ ಬಂದಳು. ಕೈಗೆ ಮೇವಿನ ಕಡ್ಡಿ ಮೆತ್ತಿತ್ತು, ಸೆರಗು ಸೊಂಟಕ್ಕಿತ್ತು, ಓಡಿ ಬಂದ ಉಸಿರಿಗೆ ಭುಜ ಏರಿಳಿಯುತ್ತಿತ್ತು. ಮೊಮ್ಮಗನನ್ನು ಕಂಕುಳಿಗೆ ಎತ್ತಿಕೊಂಡಳು. ಆಮೇಲೆ, ಎಂದೂ ಆ ಕ್ಯಾಮೆರಾದತ್ತ ತಲೆಯೆತ್ತದ ಹೆಂಗಸು, ನೇರ ಅದರ ಕಣ್ಣೊಳಗೆ ನೋಡಿದಳು. ಬಲಗೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಕರು ತೆಪ್ಪಗೆ ಮಲಗಲಿ ಎಂದು ಬೆನ್ನು ತಟ್ಟುವ ಹಾಗೆ ಗಾಳಿಯನ್ನು ಮೆಲ್ಲಗೆ ಎರಡು ಸಲ ಒತ್ತಿದಳು.

ಶೀಲಾಳಿಗೆ ನಗು ತಡೆಯಲಾಗಲಿಲ್ಲ. ಒಂದೇ ಒಂದು ಚೂರು ಹೊರಗೆ ಬಿತ್ತು.

ಆ ಕಡೆ ಗುದ್ಲೆಪ್ಪ, ಗೆರೆ ಇದೆ ಎಂದದ್ದಕ್ಕೆ ನಗುವುದೇನು ಎಂದು ಕೇಳಿದ. ಅವಳು ಕ್ಷಮೆ ಕೇಳಿ, ಅದು ಯಾವ ಹುಳ, ಯಾವ ಹೊತ್ತಿನಲ್ಲಿ ಸುಳಿಯೊಳಗೆ ಔಷಧಿ ಬೀಳಬೇಕು, ಪಕ್ಕದ ಹೊಲದವನು ಹೊಡೆದದ್ದು ಇದಕ್ಕೆ ಏಕೆ ನಾಟದು ಎಂಬುದನ್ನೆಲ್ಲ ಬಿಡಿಸಿ ಹೇಳಿದಳು. ಅವನು ಸಮಾಧಾನವಾಗಿ, ನಿಮಗೆ ಒಳ್ಳೆಯದಾಗಲಿ ತಂಗಿ ಎಂದು ಫೋನು ಇಟ್ಟ.

ಆಮೇಲೆ ರಂಜನಾಳ ದನಿ ಬಂತು.

“ಮುಂದಿನ ತಿಂಗಳದಿಂದ ನೀವು ಕಾಯಂ. ಕಾಗದ ಕಳಸ್ತೇನ್ರಿ. ಆದ್ರ ಒಂದ ಕೇಳ್ಲೇನು? ನಡುವ ಯಾಕ ನಕ್ರಿ?”

“ನಮ್ಮತ್ತಿ ‘ನೀ ಕುಂದ್ರು’ ಅಂದ್ರು, ಮೇಡಂ” ಎಂದಳು ಶೀಲಾ. “ಅದಕ್ಕ ಕುಂತೇನಿ.”